ನೀರಿನಿಂದ ಬಿಲ್ಲಿನವರೆಗೆ: ಸ್ಟಾರ್ ಹೋಟೆಲಿನ ಊಟ, ನಿಮ್ಮ ಪ್ರಶ್ನೆ

ನನ್ನ ಊರು ಬೈಂದೂರು ಕಡೆ. 1986ರಲ್ಲಿ ಬೆಂಗಳೂರಿಗೆ ಬಂದು ಮಲ್ಲೇಶ್ವರದ ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದೆ. ಟೇಬಲ್ ಒರೆಸುತ್ತಾ ಒರೆಸುತ್ತಾ ಸಪ್ಲೈಯರ್ ಆದೆ. 1991ರಲ್ಲಿ ಒಂದು ಸ್ಟಾರ್ ಹೋಟೆಲಿನಲ್ಲಿ ಸ್ಟೀವರ್ಡ್, ಅಂದರೆ ಟೇಬಲ್ಲಿಗೆ ಬಡಿಸುವ ಕೆಲಸ ಸಿಕ್ಕಿತು. ಅಲ್ಲೇ ಕ್ಯಾಪ್ಟನ್, ಅಂದರೆ ಸ್ಟೀವರ್ಡ್‌ಗಳ ಮೇಲಿನವನಾಗಿ 2022ರಲ್ಲಿ ನಿವೃತ್ತನಾದೆ. ಹೋದ ತಿಂಗಳು ಈ ಪುಟದಲ್ಲಿ, ದೊಡ್ಡ ಹೋಟೆಲಿನ ಊಟದ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆ. ಬಂದ ಪತ್ರಗಳಲ್ಲಿ ಊಟದ ಮಾತು ಕಡಿಮೆ, ಅಲ್ಲಿ ಮರ್ಯಾದೆ ಹೋದರೆ ಏನು ಮಾಡೋದು ಅನ್ನುವ ಮಾತೇ ಜಾಸ್ತಿ. ಕೆಲವನ್ನು ಆರಿಸಿಕೊಂಡಿದ್ದೇನೆ.

ನಮ್ಮ ಮದುವೆಯಾಗಿ ನಲವತ್ತು ವರ್ಷ ಆಯಿತೆಂದು ಮಗ ಬೆಂಗಳೂರಿನ ಐದು ನಕ್ಷತ್ರದ ಹೋಟೆಲಿಗೆ ಊಟಕ್ಕೆ ಕರೆದಿದ್ದಾನೆ. ನಾನು ಪಂಚೆ ಉಡುವವನು. ನನ್ನಾಕೆಗೆ ಕೈಯಲ್ಲೇ ಊಟ ಮಾಡಿ ಅಭ್ಯಾಸ. ಮಗನಿಗೆ ಅವಮಾನ ಆಗಬಾರದು. ಏನು ಮಾಡಲಿ?
*ನಿವೃತ್ತ ಶಿಕ್ಷಕ, ದಾವಣಗೆರೆ*

ಮೇಷ್ಟ್ರೇ, ಒಗೆದು ಇಸ್ತ್ರಿ ಮಾಡಿದ ಪಂಚೆ, ಅಂಗಿ ಹಾಕಿಕೊಂಡು ಧೈರ್ಯವಾಗಿ ಹೋಗಿ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಿದ್ದು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿದ್ದು ನಿಮಗೆ ನೆನಪಿರಬಹುದು. ಉಡುಪಿನ ನಿಯಮ ‘ಸ್ಮಾರ್ಟ್ ಕ್ಯಾಶುವಲ್’ ಎಂದು ಬರೆದಿರುವ ಕಡೆ ಸಾಮಾನ್ಯವಾಗಿ ತಡೆಯುವುದು ಗಂಡಸರ ಚಡ್ಡಿ, ತೋಳಿಲ್ಲದ ಬನಿಯನ್ನು, ಬಾತ್‌ರೂಮ್ ಚಪ್ಪಲಿಯನ್ನು. ಅನುಮಾನ ಇದ್ದರೆ ಟೇಬಲ್ ಬುಕ್ ಮಾಡುವಾಗ ಮಗನೇ ಒಂದು ಮಾತು ಕೇಳಲಿ.

ಇನ್ನು ಕೈಯಲ್ಲಿ ಊಟ. ಮೀನು ಸಾರು, ನೀರ್ ದೋಸೆ, ಅಪ್ಪಂ ಇಂಥವನ್ನು ಫೋರ್ಕಿನಲ್ಲಿ ತಿನ್ನುವವರನ್ನು ನೋಡಿದರೆ ನನಗೇ ಸಂಕಟ. ರೆಸಿಡೆನ್ಸಿ ರೋಡಿನಲ್ಲಿ 1990ರಿಂದ ಇರುವ ‘ಕರಾವಳಿ’ ರೆಸ್ಟೋರೆಂಟನ್ನೇ ತಗೊಳ್ಳಿ. ಮಂಗಳೂರು, ಕೊಡಗು, ಗೋವಾ, ಕೇರಳದ ಮನೆ ಅಡುಗೆಯನ್ನು ಸ್ಟಾರ್ ಹೋಟೆಲಿನ ಟೇಬಲ್ಲಿಗೆ ತಂದ ಜಾಗ ಅದು. ಅಂಥ ಅಡುಗೆಯನ್ನು ಕೈಯಲ್ಲಿ ತಿಂದರೇ ರುಚಿ. ಊಟ ಮುಗಿದ ಮೇಲೆ ಕೈ ತೊಳೆಯಲು ಬಿಸಿನೀರು, ನಿಂಬೆಹೋಳು ಇರುವ ಬಟ್ಟಲು ಬರುತ್ತದೆ. ಬರದಿದ್ದರೆ ‘ಫಿಂಗರ್ ಬೌಲ್ ಕೊಡಿ’ ಅಂತ ಕೇಳಿ.

ಪಾಶ್ಚಾತ್ಯ ಅಡುಗೆ ಆದರೆ ತಟ್ಟೆಯ ಎರಡು ಕಡೆ ಚಾಕು, ಫೋರ್ಕು ಸಾಲಾಗಿ ಇಟ್ಟಿರುತ್ತಾರೆ. ಹೊರಗಿನದರಿಂದ ಶುರು ಮಾಡಿ ಒಳಗೆ ಬರಬೇಕು, ಅಷ್ಟೇ. ಆದರೆ ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಚಾಕು, ಫೋರ್ಕನ್ನು ತಟ್ಟೆಯಲ್ಲಿ ಪಕ್ಕಪಕ್ಕ ಜೋಡಿಸಿ ಇಟ್ಟರೆ ‘ಮುಗಿಯಿತು, ತೆಗೆಯಿರಿ’ ಎಂದು ಅರ್ಥ. ಬಿಡಿಸಿ, ಅಡ್ಡಡ್ಡ ಇಟ್ಟರೆ ‘ಇನ್ನೂ ತಿನ್ನುತ್ತಿದ್ದೇನೆ’ ಎಂದು. ನಾನು ಹೊಸದಾಗಿ ಸೇರಿದ್ದಾಗ ಒಬ್ಬ ಹಿರಿಯರು ಫೋರ್ಕು, ಚಾಕು ಜೋಡಿಸಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಟ್ರೈನಿಂಗಿನಲ್ಲಿ ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ನಾನು ತಟ್ಟೆ ಎತ್ತಿಕೊಂಡು ಹೋದೆ. ಅದರಲ್ಲಿ ‘ಕಾಣೆ’ ಅನ್ನುವ ಮೀನು ಅರ್ಧ ಹಾಗೇ ಇತ್ತು. ಅವರು ಗದರಲಿಲ್ಲ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ, ‘ಮಾಣಿ, ನನ್ನ ಮೀನು’ ಎಂದರು. ನಮ್ಮ ಕಡೆ ಹುಡುಗನನ್ನು ಕರೆಯುವ ಆ ‘ಮಾಣಿ’ ಅನ್ನುವ ಮಾತು ಊರು ಬಿಟ್ಟು ಐದು ವರ್ಷ ಆದ ಮೇಲೆ ಕಿವಿಗೆ ಬಿದ್ದಿತ್ತು. ಕುಂದಾಪುರದವರಂತೆ. ಅವತ್ತಿನಿಂದ ನಾನು ಕೇಳದೆ ತಟ್ಟೆ ಎತ್ತಿಲ್ಲ.

ಅಂದಹಾಗೆ, ನಲವತ್ತು ವರ್ಷದ ವಿಷಯ ಬುಕ್ ಮಾಡುವಾಗಲೇ ಹೇಳಲು ಮಗನಿಗೆ ತಿಳಿಸಿ. ಒಳ್ಳೆಯ ಮೂಲೆಯ ಟೇಬಲ್ ಸಿಗುತ್ತದೆ. ಹಲವು ಕಡೆ ಒಂದು ಸಣ್ಣ ಕೇಕ್ ಕೂಡ ಬರುತ್ತದೆ, ಬಿಲ್ಲಿಗೆ ಸೇರಿಸದೆ.

ಕೂತ ತಕ್ಷಣ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?’ ಅಂದರು. ಅರ್ಥ ಆಗಲಿಲ್ಲ, ಸುಮ್ನೆ ‘ಸ್ಟಿಲ್’ ಅಂದೆ. ಬಿಲ್ಲಿನಲ್ಲಿ ಎರಡು ಬಾಟಲಿ ನೀರಿಗೆ 500 ರೂಪಾಯಿ! ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳೋದು ತಪ್ಪಲ್ವಾ?
*ಬ್ಯಾಂಕ್ ಉದ್ಯೋಗಿ, ತುಮಕೂರು*

ಅಂಗಡಿಯಲ್ಲಾದರೆ ತಪ್ಪು. ಹೋಟೆಲಿಗೆ ಅದು ಅನ್ವಯಿಸುವುದಿಲ್ಲ. ಕೂರುವ ಜಾಗ, ಬಡಿಸುವ ಸೇವೆ ಎಲ್ಲ ಸೇರಿಸಿ ಕೊಡುವುದರಿಂದ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ನನಗೂ ಅದು ಇಷ್ಟವಿಲ್ಲ, ಆದರೆ ಕಾನೂನು ಹಾಗಿದೆ.

ಸ್ಟಿಲ್ ಅಂದರೆ ಬರೀ ನೀರು, ಸ್ಪಾರ್ಕ್ಲಿಂಗ್ ಅಂದರೆ ಗ್ಯಾಸ್ ತುಂಬಿದ ನೀರು. ಎರಡೂ ಬಾಟಲಿಯೇ, ಎರಡಕ್ಕೂ ದುಡ್ಡು. ಆ ಪ್ರಶ್ನೆಯಲ್ಲಿ ಇರುವ ಚಾಲಾಕಿತನವೇ ಅದು. ಮೂರನೆಯ ಉತ್ತರ ಒಂದಿದೆ, ಅದನ್ನು ಅವರು ಹೇಳುವುದಿಲ್ಲ: ‘ರೆಗ್ಯುಲರ್ ವಾಟರ್’. ಫಿಲ್ಟರ್ ನೀರು, ಅದಕ್ಕೆ ದುಡ್ಡಿಲ್ಲ. ಆ ಪ್ರಶ್ನೆಯನ್ನು ಹಾಗೇ ಕೇಳಬೇಕೆಂದು ನಮಗೂ ಹೇಳಿಕೊಟ್ಟಿದ್ದರು, ನಾನೂ ಸಾವಿರಾರು ಸಲ ಕೇಳಿದ್ದೇನೆ. ಈಗ ಒಪ್ಪಿಕೊಂಡರೆ ಪಾಪ ಸ್ವಲ್ಪ ಕಡಿಮೆ ಆಗಬಹುದು. ‘ರೆಗ್ಯುಲರ್’ ಅಂದವರನ್ನು ಕೀಳಾಗಿ ನೋಡಿದ ಸ್ಟೀವರ್ಡನ್ನು ಮಾತ್ರ ನಾನು ಕಂಡಿಲ್ಲ. ಮನೆಗೆ ಹೋದರೆ ನಾವೂ ಕುಡಿಯುವುದು ಅದನ್ನೇ.

ಗೆಳೆಯರ ಜೊತೆ ಊಟ ಮಾಡಿದ ಮೇಲೆ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಇತ್ತು. ತೆಗೆಯಿರಿ ಅಂದೆ. ಮ್ಯಾನೇಜರ್ ಮುಖ ಗಂಟು ಹಾಕಿದ. ಗೆಳೆಯರು ‘ಬಿಡೋ, ಜಿಪುಣತನ ಮಾಡಬೇಡ’ ಅಂದರು. ನಾನು ಮಾಡಿದ್ದು ತಪ್ಪಾ?
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ಖಂಡಿತ ಅಲ್ಲ. ಸರ್ವಿಸ್ ಚಾರ್ಜ್ ಅನ್ನುವುದು ತೆರಿಗೆಯಲ್ಲ. ಸರ್ಕಾರಕ್ಕೆ ಹೋಗುವ ದುಡ್ಡಲ್ಲ, ಹೋಟೆಲೇ ಹಾಕಿಕೊಳ್ಳುವುದು. ಬಿಲ್ಲಿನಲ್ಲಿ ಜಿಎಸ್‌ಟಿಯ ಪಕ್ಕದಲ್ಲೇ ಅದೇ ಅಕ್ಷರದಲ್ಲಿ ಕೂತಿರುವುದರಿಂದ ಜನ ತೆರಿಗೆ ಅಂದುಕೊಂಡು ಕೊಟ್ಟುಬಿಡುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಗಿರಾಕಿಯನ್ನು ಕೇಳದೆ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದಿತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಹಾಕಿವೆ.

ಲೆಕ್ಕ ನೋಡಿ. ಊಟ 4,000 ರೂಪಾಯಿ ಅಂದುಕೊಳ್ಳಿ. ಸ್ಟಾರ್ ಹೋಟೆಲ್, ಜಿಎಸ್‌ಟಿ 18 ಪರ್ಸೆಂಟ್. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 4,720 ಆಗುತ್ತದೆ. ಹತ್ತು ಪರ್ಸೆಂಟ್ ಸೇರಿಸಿದರೆ 4,400, ಅದರ ಮೇಲೆ ಜಿಎಸ್‌ಟಿ ಹಾಕಿ 5,192. ಅಂದರೆ 400 ಅಲ್ಲ, 472 ರೂಪಾಯಿ ಜಾಸ್ತಿ ಕೊಟ್ಟಿರಿ.

ತೆಗೆಸುವ ರೀತಿ ಇದೆ. ಜೋರು ಮಾಡಬೇಡಿ, ಕಾನೂನು ಭಾಷಣ ಬೇಡ. ಬಿಲ್ ತಂದವರಿಗೇ ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ’ ಎಂದು ಒಂದು ಸಾಲು ಹೇಳಿ, ಮಾತು ಮುಂದುವರಿಸಿ. ಬಿಲ್ಲಿಂಗ್ ಮಷಿನ್ನಿನಲ್ಲಿ ಅದು ಅರ್ಧ ನಿಮಿಷದ ಕೆಲಸ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆದರೆ ತಮ್ಮಾ, ಬಡಿಸಿದ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ, ಉಳಿಸಿದ 472ರಲ್ಲಿ ಸ್ವಲ್ಪ ಅವನ ಕೈಗೆ ಕೊಟ್ಟು ಬಾ. ಚಾರ್ಜ್ ತೆಗೆಸಿ, ಟಿಪ್ಸ್ ಕೂಡ ಕೊಡದೆ ಎದ್ದು ಹೋಗುವವರನ್ನೂ ನೋಡಿದ್ದೇನೆ. ಅವರನ್ನು ನಿನ್ನ ಗೆಳೆಯರು ಜಿಪುಣ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಒಂದೇ ಮಸಾಲೆ ದೋಸೆಗೆ ಒಂದು ಕಡೆ 5 ಪರ್ಸೆಂಟ್, ಇನ್ನೊಂದು ಕಡೆ 18 ಪರ್ಸೆಂಟ್ ಜಿಎಸ್‌ಟಿ. ಇದೇನು ನ್ಯಾಯ?
*ವ್ಯಾಪಾರಿ, ಶಿವಮೊಗ್ಗ*

ಇಲ್ಲಿ ತೆರಿಗೆ ದೋಸೆಯನ್ನು ನೋಡುವುದಿಲ್ಲ, ಮೇಲಿನ ಮಹಡಿಯ ರೂಮನ್ನು ನೋಡುತ್ತದೆ. ತಾನಾಗಿ ನಿಂತಿರುವ ರೆಸ್ಟೋರೆಂಟ್ ಎಷ್ಟೇ ದುಬಾರಿಯಾದರೂ 5 ಪರ್ಸೆಂಟ್. ಅದೇ ರೆಸ್ಟೋರೆಂಟ್ ಒಂದು ಲಾಡ್ಜಿಂಗ್ ಹೋಟೆಲಿನ ಒಳಗಿದ್ದು, ಅಲ್ಲಿ ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮು ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿಗೆ ಹೋಗಿದ್ದರೆ 18 ಪರ್ಸೆಂಟ್. 2025ರ ಏಪ್ರಿಲ್‌ನಿಂದ ನಿಯಮ ಹೀಗಿದೆ. ನಾಲ್ಕು ಜನ ಊಟಕ್ಕೆ ಹೋಗುವಾಗ ಈ ಹದಿಮೂರು ಪರ್ಸೆಂಟ್ ಸಣ್ಣ ಮೊತ್ತವಲ್ಲ, ಮೊದಲೇ ಲೆಕ್ಕ ಹಾಕಿಕೊಳ್ಳಿ. ಬಿಯರ್, ವೈನ್, ವಿಸ್ಕಿ ಜಿಎಸ್‌ಟಿಯ ಹೊರಗೆ. ಬಿಲ್ಲಿನಲ್ಲಿ ಊಟ, ಕುಡಿತ ಎರಡನ್ನೂ ಬೇರೆ ಬೇರೆ ತೋರಿಸಿದ್ದಾರಾ ನೋಡಿ. ಇನ್ನು, ವಹಿವಾಟಿನ ಒಂದು ಸಣ್ಣ ಪಾಲನ್ನು ತಾವೇ ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ತಗೊಳ್ಳುವಂತೆಯೇ ಇಲ್ಲ. ವ್ಯಾಪಾರಿಗಳಾದ ನಿಮಗೆ ಅದು ಗೊತ್ತಿರುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಸೊಸೆ ಥಾಯ್, ಇಟಾಲಿಯನ್ ಎಂದೆಲ್ಲ ಕರೆದುಕೊಂಡು ಹೋಗುತ್ತಾಳೆ. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದರೆ ಸಾಕಾ?
*ಗೃಹಿಣಿ, ಮೈಸೂರು*

ಅಕ್ಕಾ, ಇದು ಈ ಕಂತೆಯಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ. ಕಣ್ಣಿಗೆ ಕಾಣುವ ಮಾಂಸದ ಬಗ್ಗೆ ಭಯ ಬೇಡ. ಕಣ್ಣಿಗೆ ಕಾಣದೆ ಒಳಗೆ ಬರುವುದನ್ನು ತಿಳಿದುಕೊಳ್ಳಿ.

ಥಾಯ್ ಅಡುಗೆಗೆ ಫಿಶ್ ಸಾಸ್ ನಮ್ಮ ಉಪ್ಪಿದ್ದ ಹಾಗೆ. ಮೀನು ಕೊಳೆಹಾಕಿ ಇಳಿಸಿದ ರಸ ಅದು. ಗ್ರೀನ್ ಕರಿಯ ಮಸಾಲೆಯಲ್ಲಿ ಸಾಂಪ್ರದಾಯಿಕವಾಗಿ ಸಿಗಡಿಯ ಪೇಸ್ಟ್ ಇರುತ್ತದೆ. ಬರೀ ತರಕಾರಿ ಹಾಕಿದರೂ ಮಸಾಲೆ ಅದೇ ಆಗಿರಬಹುದು. ಜಪಾನಿನ ಮಿಸೋ ಸೂಪಿನ ನೀರು ಹೆಚ್ಚಾಗಿ ಒಣಮೀನಿನ ಕಷಾಯ. ಕೊರಿಯಾದ ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ, ಅದಕ್ಕೂ ಮೀನಿನ ಸಾಸ್ ಹಾಕುವುದುಂಟು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪಾಸ್ತಾದ ಮೇಲೆ ಉದುರಿಸುವ ಆ ಪುಡಿಯನ್ನು ಎಷ್ಟು ಮಡಿವಂತರು ಚಪ್ಪರಿಸಿಕೊಂಡು ತಿಂದಿದ್ದಾರೋ! ಪಾನಾ ಕೋಟಾ, ಮೂಸ್ ಇಂಥ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜಿಲೆಟಿನ್ ಇರಬಹುದು. ಸೀಸರ್ ಸಲಾಡಿನ ಸಾಸಿನಲ್ಲಿ ಮೀನು, ಮೊಟ್ಟೆ ಎರಡೂ ಇರುತ್ತವೆ. ಒಳ್ಳೆಯ ಹೋಟೆಲಿನಲ್ಲಿ ಇವೆಲ್ಲದಕ್ಕೂ ಸಸ್ಯಾಹಾರದ ಬದಲಿ ಇಟ್ಟಿರುತ್ತಾರೆ, ಮೆನುವಿನಲ್ಲಿ ಹಸಿರು ಗುರುತೂ ಹಾಕಿರುತ್ತಾರೆ. ಆದರೂ ಬಾಯಿಬಿಟ್ಟು ಕೇಳುವುದು ಒಳ್ಳೆಯದು.

ಕೇಳುವಾಗ ‘ವೆಜ್ ಅಲ್ವಾ?’ ಎನ್ನಬೇಡಿ. ಹೊಸ ಹುಡುಗ ‘ಹೌದು ಮ್ಯಾಮ್’ ಅಂದುಬಿಡುತ್ತಾನೆ. ‘ಇದರಲ್ಲಿ ಫಿಶ್ ಸಾಸ್ ಇದೆಯಾ, ಚೀಸ್ ಯಾವುದು, ಮೊಟ್ಟೆ ಇದೆಯಾ’ ಎಂದು ಹೆಸರು ಹಿಡಿದು ಕೇಳಿ. ಗೊತ್ತಿಲ್ಲದಿದ್ದರೆ ಅವನು ಒಳಗೆ ಹೋಗಿ ಶೆಫ್‌ನನ್ನು ಕೇಳಿ ಬರಲೇಬೇಕಾಗುತ್ತದೆ. ನೀವು ಹೇಳಿದ್ದನ್ನು ಆರ್ಡರ್ ಚೀಟಿಯಲ್ಲಿ, ಅಂದರೆ ಕೆಒಟಿಯಲ್ಲಿ, ಬರೆಯಲು ಹೇಳಿ. ಬಾಯಿಮಾತು ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಕರಗಿಹೋಗುತ್ತದೆ, ಚೀಟಿಯಲ್ಲಿ ಬರೆದಿದ್ದು ಒಲೆಯ ಮುಂದೆ ನೇತಾಡುತ್ತಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೇಡವಾದರೆ ಹಿಂದಿನ ದಿನವೇ ಫೋನ್ ಮಾಡಿ. ಗ್ರೇವಿಗಳನ್ನು ಬೆಳಿಗ್ಗೆಯೇ ಮಾಡಿಟ್ಟಿರುತ್ತಾರೆ, ಟೇಬಲ್ಲಿಗೆ ಕೂತ ಮೇಲೆ ಹೇಳಿದರೆ ನಿಮಗೆ ಸಿಗುವುದು ಬೇಯಿಸಿದ ತರಕಾರಿ ಮಾತ್ರ. ಕಡಲೆಕಾಯಿ ಅಲರ್ಜಿ ಇದ್ದವರು ಇನ್ನೂ ಜಾಗ್ರತೆ. ‘ಇಷ್ಟ ಇಲ್ಲ’ ಅನ್ನಬೇಡಿ, ‘ಅಲರ್ಜಿ’ ಅನ್ನಿ. ಆ ಪದ ಕೇಳಿದರೆ ಅಡುಗೆಮನೆ ಎಚ್ಚೆತ್ತುಕೊಳ್ಳುತ್ತದೆ.

ಒಂದೇ ಎಣ್ಣೆಯಲ್ಲಿ ಕರಿಯುತ್ತಾರಾ ಎಂಬ ಚಿಂತೆ ಇದ್ದರೆ ಅದನ್ನೂ ಕೇಳಿ. ‘ಒಂದೇ’ ಎಂದು ನಿಜ ಹೇಳಿದರೆ ಅಲ್ಲಿ ಕರಿದದ್ದು ಬೇಡ, ಬೇರೆ ಏನಾದರೂ ತಿನ್ನಿ.

ಮೆನು ಕೊಟ್ಟಾಗ ನಾನು ಮೊದಲು ರೇಟ್ ನೋಡುತ್ತೇನೆ. ವೇಟರ್‌ಗೆ ಗೊತ್ತಾಗುತ್ತದಾ?
*ಕಾಲೇಜು ವಿದ್ಯಾರ್ಥಿ, ಮಂಡ್ಯ*

ಗೊತ್ತಾಗುತ್ತದೆ. ಕಣ್ಣು ಬಲಗಡೆಯ ಅಂಚಿನಲ್ಲೇ ಓಡಾಡುತ್ತಿರುತ್ತದೆ. ದೊಡ್ಡ ಕಾರಿನಲ್ಲಿ ಬಂದವರ ಕಣ್ಣೂ ಅಲ್ಲೇ ಇರುತ್ತಿತ್ತು. ಬೆಲೆಯ ಮುಂದೆ ರೂಪಾಯಿ ಗುರುತು ಹಾಕದೆ ಬರೀ ‘1450’ ಎಂದು ಬರೆದಿರುತ್ತಾರೆ ನೋಡು, ದುಡ್ಡು ನೆನಪಾಗದಿರಲಿ ಅಂತ. ಡ್ಯೂಟಿ ಮುಗಿದ ಮೇಲೆ ನಾವು ತಿನ್ನುತ್ತಿದ್ದದ್ದು ಸ್ಟಾಫ್ ಕ್ಯಾಂಟೀನಿನ ಅನ್ನ, ಸಾಂಬಾರ್. ನಮಗೆ ರೇಟಿನ ಬಗ್ಗೆ ನಿನಗಿಂತ ಜಾಸ್ತಿ ಗೊತ್ತಿತ್ತು. ಜೇಬು ನೋಡಿಕೊಳ್ಳಬೇಕು ಅಂತಿದ್ದರೆ ವಾರದ ದಿನ ಮಧ್ಯಾಹ್ನ ಹೋಗು. ತುಂಬ ಕಡೆ ಸೆಟ್ ಲಂಚ್, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಯ ಊಟ ಇರುತ್ತದೆ. ಅದೇ ಅಡುಗೆಮನೆ, ಅದೇ ಬಾಣಸಿಗ, ಬೆಲೆ ಮಾತ್ರ ಕಡಿಮೆ.

ವೈನ್ ಹೇಳಿದರೆ ಮೊದಲು ಒಂದು ಗುಟುಕು ಹಾಕಿ ಮುಖ ನೋಡುತ್ತಾ ನಿಲ್ಲುತ್ತಾರೆ. ಆಗ ಏನು ಮಾಡಬೇಕು?
*ಗುತ್ತಿಗೆದಾರ, ಹುಬ್ಬಳ್ಳಿ*

ಅದು ‘ಇಷ್ಟ ಆಯಿತಾ’ ಎಂದು ಕೇಳುವುದಲ್ಲ, ‘ಕೆಟ್ಟಿಲ್ಲ ತಾನೆ’ ಎಂದು ಕೇಳುವುದು. ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಮುಚ್ಚಳದ ಬಿರಡೆಯಿಂದ ಕೆಟ್ಟಿದೆ ಎಂದರ್ಥ, ವಾಪಸ್ ಕಳಿಸಬಹುದು. ಇಲ್ಲದಿದ್ದರೆ ತಲೆ ಆಡಿಸಿ, ಮುಗಿಯಿತು. ತಿರುಗು ಮುಚ್ಚಳದ ಬಾಟಲಿಗೆ ಆ ವಾಸನೆಯ ಭಯ ಇಲ್ಲವೆಂದೇ ಹೇಳಬಹುದು. ಹೊರದೇಶದ್ದೇ ಬೇಕೆಂದಿಲ್ಲ, ನಮ್ಮ ನಂದಿಬೆಟ್ಟದ ಸುತ್ತಿನ ದ್ರಾಕ್ಷಿಯಲ್ಲೂ ಒಳ್ಳೆಯ ವೈನ್ ಆಗುತ್ತದೆ, ಬೆಲೆಯೂ ಕಡಿಮೆ.

ಹತ್ತು ಬಗೆಯ ‘ಟೇಸ್ಟಿಂಗ್ ಮೆನು’ ಅಂತ ತಲೆಗೆ ಆರು ಸಾವಿರ ಕೊಟ್ಟೆವು. ಒಂದೊಂದರಲ್ಲೂ ಎರಡು ತುತ್ತು. ಹೊರಗೆ ಬಂದು ದರ್ಶಿನಿಯಲ್ಲಿ ಇಡ್ಲಿ ತಿಂದೆವು. ಇದು ಮೋಸ ಅಲ್ವಾ?
*ದಂಪತಿ, ಬೆಂಗಳೂರು*

ಇಡ್ಲಿ ವಿಷಯ ಓದಿ ನಕ್ಕೆ. ನಿವೃತ್ತಿಯಾದ ವರ್ಷ ಹಳೆಯ ಸಹೋದ್ಯೋಗಿಯೊಬ್ಬ ನನ್ನ ಅಮ್ಮನನ್ನು, ನನ್ನನ್ನು ಅಂಥದ್ದೇ ಒಂದು ಊಟಕ್ಕೆ ಕರೆದಿದ್ದ. ಅಮ್ಮನಿಗೆ ಆಗ ಎಂಬತ್ತೊಂದು. ಮೂರನೇ ತಟ್ಟೆ ಬಂದಾಗ ಬಗ್ಗಿ ನೋಡಿ, ‘ಎಂತದಾ ಇದು, ತಟ್ಟೆ ಇಷ್ಟು ದೊಡ್ಡ, ಊಟ ಇಷ್ಟೇ?’ ಎಂದಳು. ಐದನೆಯದು ಕೋಕಂ ಹಾಕಿದ ಏನೋ ಒಂದು ತಿಳಿ ಸಾರು, ಸಣ್ಣ ಲೋಟದಲ್ಲಿ. ಅದನ್ನು ಕುಡಿದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಮ್ಮ ಪುನರ್ಪುಳಿಯೇ. ಆದರೆ ಇಷ್ಟು ಚೆಂದ ನನಗೆ ಮಾಡಲು ಬರುವುದಿಲ್ಲ’ ಎಂದಳು. ಕೊನೆಗೆ ಮಜ್ಜಿಗೆ ಅನ್ನ ಕೇಳಿದಳು. ಮೆನುವಿನಲ್ಲಿ ಇರಲಿಲ್ಲ, ಸ್ಟಾಫ್ ಕ್ಯಾಂಟೀನಿನಿಂದ ತಂದುಕೊಟ್ಟರು.

ಹಾಗಾಗಿ ಮೋಸ ಎನ್ನಲಾರೆ. ಎಲೆಯ ಊಟಕ್ಕೂ ಕ್ರಮ ಇದೆಯಲ್ಲ, ಕೋಸಂಬರಿ, ಪಲ್ಯ, ತೊವ್ವೆ, ಸಾರು, ಹುಳಿ, ಪಾಯಸ, ಮಜ್ಜಿಗೆ ಅಂತ. ಒಂದಾದ ಮೇಲೊಂದು ಬರುವುದು ನಮಗೆ ಹೊಸದಲ್ಲ. ವ್ಯತ್ಯಾಸ ಏನೆಂದರೆ, ಅಲ್ಲಿ ‘ಇನ್ನೊಂದು ಸೌಟು’ ಎನ್ನುವಂತಿಲ್ಲ. ಬೆಲೆ ಏರುವುದು ಅಕ್ಕಿ, ಬೇಳೆಗಲ್ಲ. ಇಪ್ಪತ್ತು ಜನ ಗಿರಾಕಿಗಳಿಗೆ ಹತ್ತಾರು ಜನ ಕೆಲಸ ಮಾಡುತ್ತಿರುತ್ತಾರೆ, ಸಂಜೆಗೆ ಒಂದೇ ಪಂಕ್ತಿ. ಆದರೆ ಹೊಟ್ಟೆ ತುಂಬಿಸಲು ಹೋಗುವ ಜಾಗವಲ್ಲ ಅದು. ಹಸಿದು ಹೋಗಬೇಡಿ. ಬ್ರೆಡ್ ಬಂದಾಗ ಬೇಡ ಎನ್ನಬೇಡಿ. ನಿಜ ಹೇಳಬೇಕೆಂದರೆ, ನನ್ನ ದುಡ್ಡಿನಲ್ಲಿ ನಾನು ಎರಡನೇ ಸಲ ಹೋಗಿಲ್ಲ.

ಬೆಂಗಳೂರಿನಲ್ಲಿ ಮಿಷೆಲಿನ್ ಸ್ಟಾರ್ ಹೋಟೆಲ್ ಯಾವುದು?
*ಓದುಗ, ಉಡುಪಿ*

ಯಾವುದೂ ಇಲ್ಲ. 1900ರಲ್ಲಿ ಫ್ರಾನ್ಸಿನ ಮಿಷೆಲಿನ್ ಟೈರ್ ಕಂಪನಿ ಕಾರಿನವರಿಗೆಂದು ಶುರು ಮಾಡಿ, ಈಗ ಅಡುಗೆ ನೋಡಿ ನಕ್ಷತ್ರ ಕೊಡುವ ಆ ಕೈಪಿಡಿ ಭಾರತದ ಯಾವ ಊರಿನ ಹೋಟೆಲಿಗೂ ನಕ್ಷತ್ರ ಕೊಟ್ಟಿಲ್ಲ. ನಮ್ಮ ‘ಫೈವ್ ಸ್ಟಾರ್’ ಬೇರೆ, ಅದು ಪ್ರವಾಸೋದ್ಯಮ ಸಚಿವಾಲಯ ಇಡೀ ಹೋಟೆಲಿಗೆ, ಅದರ ರೂಮು, ಸೌಕರ್ಯ ನೋಡಿ ಕೊಡುವುದು. ಸಾರಿನ ರುಚಿ ನೋಡಿ ಅಲ್ಲ.

ಉಳಿದದ್ದನ್ನು ಪಾರ್ಸೆಲ್ ಕೇಳಿದರೆ ನಗುತ್ತಾರಾ?
*ಗೃಹಿಣಿ, ಹಾಸನ*

ನಗುವುದಿಲ್ಲ. ‘ಪ್ಯಾಕ್ ಮಾಡಿ’ ಎನ್ನಿ, ಮಾಡಿಕೊಡುತ್ತಾರೆ. ಬಫೆಯಲ್ಲಿ ಮಾತ್ರ ಕೊಡುವುದಿಲ್ಲ, ಕೇಳಬೇಡಿ.

ಅಣ್ಣ, ನಾನು ಬೆಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ ಈಗಷ್ಟೇ ಸ್ಟೀವರ್ಡ್ ಆಗಿ ಸೇರಿದ್ದೇನೆ. ಗಿರಾಕಿಗಳು ಚಿಟಿಕೆ ಹೊಡೆದು ಕರೆಯುತ್ತಾರೆ. ಬೇಜಾರಾಗುತ್ತದೆ. ಟಿಪ್ಸ್ ಕೂಡ ಎಲ್ಲ ಪೆಟ್ಟಿಗೆಗೆ ಹಾಕಬೇಕಂತೆ.
*ಕುಂದಾಪುರದ ಹುಡುಗ*

ಪೆಟ್ಟಿಗೆ ವಿಷಯದಲ್ಲಿ ಬೇಜಾರು ಬೇಡ. ನಮ್ಮಲ್ಲೂ ಹಾಗೇ ಇತ್ತು. ತಿಂಗಳ ಕೊನೆಗೆ ಎಣಿಸಿ, ಒಳಗೆ ಪಾತ್ರೆ ತೊಳೆಯುವವರಿಗೂ ಪಾಲು ಹೋಗುತ್ತಿತ್ತು. ಅವರ ಕೈಗೆ ಯಾವ ಗಿರಾಕಿಯೂ ಟಿಪ್ಸ್ ಇಡುವುದಿಲ್ಲವಲ್ಲ. ಆದರೆ ಪೆಟ್ಟಿಗೆ ಎಣಿಸುವಾಗ ನೀನೂ ಎದುರಿಗೆ ನಿಂತಿರು.

ಚಿಟಿಕೆಗೆ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಚಿಟಿಕೆ ಕೇಳಿಸಿದರೂ ತಿರುಗುತ್ತಿರಲಿಲ್ಲ, ಒಂದು ಕ್ಷಣ ಬಿಟ್ಟು, ನಾನಾಗಿಯೇ ಆ ಟೇಬಲ್ ನೋಡಲು ಬಂದವನ ಹಾಗೆ ಹೋಗಿ ‘ಹೇಳಿ ಸಾರ್’ ಅನ್ನುತ್ತಿದ್ದೆ. ಎರಡನೇ ಸಲಕ್ಕೆ ಹೆಚ್ಚಿನವರು ಕೈ ಎತ್ತುತ್ತಿದ್ದರು. ಎತ್ತದವರೂ ಇದ್ದರು, ಅವರ ಟೇಬಲ್ ಬೇಗ ಮುಗಿಯಲಿ ಎಂದು ಬಿಲ್ ರೆಡಿ ಇಟ್ಟುಕೊಳ್ಳುತ್ತಿದ್ದೆ.

ಮತ್ತೆ, ಶೂ. ಕಂಪನಿ ಕೊಟ್ಟ ಶೂ ಹಾಕಿಕೊಂಡು ದಿನಕ್ಕೆ ಹತ್ತು ಗಂಟೆ ನಿಲ್ಲಬೇಡ. ಮೊದಲ ಸಂಬಳದಲ್ಲಿ ಮೆತ್ತನೆ ಅಟ್ಟೆಯ ಕಪ್ಪು ಶೂ ಒಂದು ಜೊತೆ ತಗೋ, ಅರ್ಧ ನಂಬರ್ ದೊಡ್ಡದು. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ.